ಅಗಿಯುವ ಬಾಯಿ, ನುಂಗುವ ಬಾಯಿ

ಮಧ್ಯಾಹ್ನದ ಹೊತ್ತು ನನ್ನ ಮಗಳ ಮುಖ ಬೇಕಾದ್ದಕ್ಕಿಂತ ಹೆಚ್ಚು ಶುಚಿಯಾಗಿರುತ್ತಿತ್ತು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಎಂಟು ತಿಂಗಳ ಕೂಸಿನ ಗಲ್ಲ ಎಂದರೆ ಜೊಲ್ಲು, ಒಣಗಿದ ಹಾಲಿನ ಗೆರೆ, ಕತ್ತಿನ ಮಡಿಕೆಯಲ್ಲಿ ಹುಳಿ ವಾಸನೆ. ಬೆಳಿಗ್ಗೆ ಅದೆಲ್ಲ ಇರುತ್ತಿತ್ತು, ಸಂಜೆಯೂ ಇರುತ್ತಿತ್ತು. ಮಧ್ಯಾಹ್ನ ನಾನು ಮಲಗಿ ಎದ್ದು ನೋಡಿದಾಗ ಮಾತ್ರ ಗಲ್ಲ ಹುಣಸೆಹಣ್ಣು ಹಾಕಿ ಬೆಳಗಿದ ಲೋಟದ ಹಾಗಿರುತ್ತಿತ್ತು. ಕಿವಿಯ ಹಿಂದಿನ ಕೂದಲು ಒದ್ದೆ. ಯಾರೋ ಸೆರಗು ಅದ್ದಿ ಉಜ್ಜಿದ್ದಾರೆ. ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದವರು ನಾನು, ಕೂಸು ಮತ್ತು ನನ್ನ ಅತ್ತೆ.

ಇದು ಐವತ್ತರ ದಶಕದ ಚಾಮರಾಜನಗರ. ನನ್ನ ಗಂಡ ಅರಿಶಿನದ ಮಂಡಿಯೊಂದರಲ್ಲಿ ಗುಮಾಸ್ತರು. ಅವರ ಅಂಗಿ, ಉಗುರು, ದಿಂಬು, ಅವರು ಎತ್ತಿಕೊಂಡ ಕೂಸು, ಎಲ್ಲವೂ ಹಳದಿ. ಬಟ್ಟೆಯ ಮೇಲಿನ ಕಲೆ ನೋಡಿ ಏನು ಚೆಲ್ಲಿದೆ ಎಂದು ಆ ಮನೆಯಲ್ಲಿ ಹೇಳುವುದು ಸಾಧ್ಯವೇ ಇರಲಿಲ್ಲ. ಪತ್ತೇದಾರಿಕೆಗೆ ಅಷ್ಟು ಅನನುಕೂಲವಾದ ಮನೆಯನ್ನು ನಾನು ಮತ್ತೆ ಕಂಡಿಲ್ಲ. ಹಾಗಾಗಿ ಕಲೆಗಳನ್ನು ಬಿಟ್ಟು ಕಲೆ ಇಲ್ಲದ ಕಡೆಯೇ ನೋಡಲು ಕಲಿತೆ.

ನನಗೆ ಆಗ ಮೈಸೂರಿನಲ್ಲಿ ಟೀಚರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಬೇಸಿಗೆ ಕಳೆದ ಮೇಲೆ ಒಂದು ವರ್ಷ ಹಾಸ್ಟೆಲಿನಲ್ಲಿ ಇರಬೇಕು. ಕೂಸನ್ನು ಬಿಟ್ಟು ಹೋಗಬೇಕು. ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ತಟ್ಟೆ ನೋಡುತ್ತ ಹೇಳಿದರು:

"ಕೂಸು ಗಟ್ಟಿ ಊಟ ಹಿಡುದ್ರೆ ನೀನು ಓಗಬೋದಂತೆ. ಬರೀ ರಾಗಿಸರಿ ಕುಡ್ಕಂಡಿರೋ ಕೂಸ ಬುಟ್ಟು ಓದ್ರೆ ಊರೋರು ಏನಂದಾರು?"

"ಅಂತೆ ಅಂದ್ರೆ? ಯಾರು ಏಳುದ್ದು?"

"ಯಾರೂ ಏಳಿಲ್ಲ. ನಾನೇ ಏಳ್ತಾ ಇವ್ನಿ."

ಒಳಗೆ ಅತ್ತೆ ಸೌಟು ಕೆಳಗಿಟ್ಟ ಸದ್ದು ಕೇಳಿತು. ವಾಕ್ಯ ಯಾರದೋ, ಬಾಯಿ ಯಾರದೋ ಎಂದುಕೊಂಡೆ. ಅವರು ಅಷ್ಟು ಉದ್ದದ ಮಾತನ್ನು ತಾವಾಗಿ ಕಟ್ಟಿ ಆಡಿದ್ದನ್ನು ನಾನು ಕೇಳಿರಲಿಲ್ಲ.

ಷರತ್ತು ಮಾತ್ರ ಸ್ಪಷ್ಟವಾಗಿತ್ತು. ಕೂಸು ಬೇಸಿಗೆ ಮುಗಿಯುವುದರೊಳಗೆ ಸರಿ ಬಿಟ್ಟು ಗಟ್ಟಿ ಊಟ ಮಾಡಬೇಕು. ಮಾಡದಿದ್ದರೆ ನಾನು ಹೋಗುವಂತಿಲ್ಲ. ಸೀಟು ಇನ್ನೊಬ್ಬಳಿಗೆ ಹೋಗುತ್ತದೆ.

ಕೂಸಿನ ಸರಿ ಮಾಡುತ್ತಿದ್ದವರು ಅತ್ತೆ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಆ ಹಿಟ್ಟನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಾಳಿಸುತ್ತಿದ್ದರು. ಪಂಚೆ ಸವೆದು ಜೇಡರ ಬಲೆಯಂತಾಗಿತ್ತು. ಒಂದು ಸಲ ಗಾಳಿಸಿದ್ದನ್ನು ಮತ್ತೊಂದು ಸಲ ಗಾಳಿಸುವರು. ಕಾಯಿಸಿದರೆ ಸರಿ ಎಣ್ಣೆಯ ಹಾಗೆ ಹರಿಯುವುದು. ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಅಡ್ಡ ಮಲಗಿಸಿ, ಮೂತಿ ಚೂಪಾದ ಹಿತ್ತಾಳೆ ಒಳಲೆಯಿಂದ ಅದನ್ನು ಬಾಯಿಗೆ ಇಳಿಸುವರು. ಕೂಸಿನ ನಾಲಿಗೆಗೆ ಏನೂ ಕೆಲಸವಿಲ್ಲ.

ಇಷ್ಟು ನುಣ್ಣಗೆ ಯಾಕೆ ಎಂದು ನಾನು ಯೋಚಿಸಿದೆ. ಸರಿ ನುಣ್ಣಗಿದ್ದಷ್ಟು ದಿನ ಕೂಸು ಗಟ್ಟಿ ಊಟ ಹಿಡಿಯುವುದಿಲ್ಲ. ಕೂಸು ಹಿಡಿಯದಿದ್ದಷ್ಟು ದಿನ ನಾನು ಈ ಮನೆಯ ಒಲೆಯ ಮುಂದೆ. ಪಂಚೆಯ ತುಂಡು ಹಿಟ್ಟನ್ನಷ್ಟೇ ಅಲ್ಲ, ನನ್ನನ್ನೂ ತಡೆದು ಹಿಡಿದಿದೆ ಎನಿಸಿತು.

ಆ ನಡುವೆ ತವರಿಗೆ, ಗುಂಡ್ಲುಪೇಟೆಗೆ, ಹೋಗಿದ್ದೆ. ಅಲ್ಲಿನ ಡಿಸ್ಪೆನ್ಸರಿಯಲ್ಲಿ ಕೇರಳದ ಕಡೆಯ ನರ್ಸ್ ಒಬ್ಬರು ಕೂಸಿನ ವಸಡನ್ನು ಬೆರಳಿನಿಂದ ಒತ್ತಿ ನೋಡಿದರು. ಕೆಳಗೆ ಎರಡು ಹಲ್ಲು ಬಂದಿದ್ದವು.

"ಸೋಸೋದು ನಿಲ್ಸಬೇಕು. ಚಿಕ್ಕ ಚಿಕ್ಕ ಗಂಟು ಇರ್ಲಿ. ಅಗೀಲಿಕ್ಕೆ ಹಲ್ಲು ಬೇಡಮ್ಮಾ, ಈ ವಸಡೇ ಸಾಕು. ಕುಳ್ಳಿರಿಸಿ ಕೊಡಿ, ಮಲಗಿಸಿ ಕೊಡಬೇಡಿ. ಓಕರಿಸಿ ಸದ್ದು ಮಾಡಿದ್ರೆ ಹೆದರೋದಲ್ಲ, ಅದು ಕಲೀತಾ ಇದೆ. ಸದ್ದೇ ಇಲ್ಲಾಂದ್ರೆ ಆಗ ಹೆದರಬೇಕು."

ಆ ಕೊನೆಯ ಮಾತನ್ನು ನಾನು ಕೂಸಿನ ಗಂಟಲಿಗಷ್ಟೇ ಅಲ್ಲ, ಅತ್ತೆಗೂ ಅನ್ವಯಿಸಿಕೊಂಡೆ.

ನನ್ನ ಅವ್ವ ಬೇರೆಯದೇ ದಾರಿ ತೋರಿಸಿದಳು. "ಅಲ್ಲಿ ಆಗ್ನಿಲ್ಲ ಅಂದ್ರೆ ಕೂಸ ತಂದು ಇಲ್ಲಿ ಬುಟ್ಟೋಗು. ನಾನೇನು ಸತ್ತೋಗಿದ್ದೀನಾ?" ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಈ 'ನೆನಪಿಲ್ಲ' ಎನ್ನುವುದನ್ನೂ ನಾನು ಪೂರ್ತಿ ನಂಬುವುದಿಲ್ಲ. ಬಸ್ಸಿಗೆ ಹತ್ತುವಾಗ ಅವ್ವ ಒಂದು ಚಿಪ್ಪು ನೇಂದ್ರ ಬಾಳೆ ಕಟ್ಟಿಕೊಟ್ಟಳು.

ಚಾಮರಾಜನಗರಕ್ಕೆ ಬಂದು ಪ್ರಯೋಗ ಶುರು ಮಾಡಿದೆ. ಬಾಳೆಹಣ್ಣನ್ನು ಹಬೆಯಲ್ಲಿ ಬೇಯಿಸಿ, ಚಮಚದ ಬೆನ್ನಿನಿಂದ ಒತ್ತಿ, ಹೆಸರುಕಾಳಿನ ಗಾತ್ರದ ಗಂಟುಗಳನ್ನು ಹಾಗೇ ಬಿಟ್ಟೆ. ಅನ್ನವನ್ನು ಬೇಳೆಯ ಜೊತೆ ಕಿವುಚಿದೆ, ಆದರೆ ಪೂರ್ತಿ ಅಲ್ಲ. ಕೂಸನ್ನು ಗೋಡೆಗೆ ಒರಗಿಸಿ ಕೂರಿಸಿ ಎದುರಿಗೆ ಕೂತೆ. ನಾನು ಖಾಲಿ ಬಾಯಿಯನ್ನೇ ಎಮ್ಮೆ ಮೆಲುಕು ಹಾಕುವ ಹಾಗೆ ಆಡಿಸಿ ತೋರಿಸಿದೆ. ಅವಳು ನಕ್ಕಳು. ತುತ್ತು ಇಟ್ಟೆ.

ಅವಳು ದವಡೆ ಆಡಿಸಲಿಲ್ಲ. ಗಲ್ಲ ಮೇಲೆತ್ತಿದಳು. ನೀರು ಕುಡಿದ ಕೋಳಿ ಕತ್ತೆತ್ತುವುದಿಲ್ಲವೇ, ಹಾಗೆ. ತುತ್ತು ಇಡಿಯಾಗಿ ಹಿಂದಕ್ಕೆ ಜಾರಿತು, ಗಂಟಲಲ್ಲಿ ಸಿಕ್ಕಿತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಎಲ್ಲವೂ ನನ್ನ ಮಡಿಲಿಗೆ ವಾಪಸು ಬಂತು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನ ಗಂಟು ಇನ್ನೂ ಸಣ್ಣದು ಮಾಡಿದೆ. ಆಗಲೂ ಅದೇ ಕೋಳಿಯ ಕತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬುಡು ಬುಡು. ಯಾಕಂಗೆ ಗೋಳುಯ್ಕತೀಯ ಆ ಕೂಸ್ನ? ಓಗಿ ಒಸಿ ಮಲೀಕೋ. ನಾನ್ ನೋಡ್ಕತೀನಿ."

ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹಗಲು ಹೊತ್ತು ಮಲಗು ಎಂದು ಅವರು ಹೇಳಿದ್ದಿಲ್ಲ. ಹಗಲು ಮಲಗುವವರ ಮನೆಗೆ ಲಕ್ಷ್ಮಿ ಬರುವುದಿಲ್ಲ ಎನ್ನುತ್ತಿದ್ದವರು, ಈಗ ಚಾಪೆಯನ್ನು ತಾವೇ ಹಾಸಿಕೊಡುತ್ತಿದ್ದರು. ಮಲಗುತ್ತಿದ್ದೆ. ರಾತ್ರಿಯೆಲ್ಲ ಕೂಸು ಎಬ್ಬಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಏಳುವ ಹೊತ್ತಿಗೆ ಕೂಸಿನ ಮುಖ ಫಳಫಳ.

ಮೊದಲು ಗಂಟಲಿನಲ್ಲೇ ಏನೋ ದೋಷವಿದೆ ಎಂದು ಹೆದರಿದೆ. ಆಮೇಲೆ ಹೊಳೆಯಿತು: ನಾನು ಮಲಗಿದಾಗ ಅತ್ತೆ ಹೊಟ್ಟೆ ತುಂಬ ಸರಿ ಇಳಿಸುತ್ತಿದ್ದಾರೆ. ಹೊಟ್ಟೆ ತುಂಬಿದ ಕೂಸು ನನ್ನ ಗಂಟು ಗಂಟು ಅನ್ನ ಯಾಕೆ ತಿಂದೀತು? ಒಳಲೆಯನ್ನು ಹೋಗಿ ನೋಡಿದೆ. ಒಣಗಿತ್ತು. ಪಂಚೆಯ ತುಂಡೂ ಒಣಗಿತ್ತು. ನಿರಪರಾಧಿಯ ಮನೆಯಲ್ಲಿ ಎಲ್ಲ ಪಾತ್ರೆಗಳೂ ಇಷ್ಟು ಒಣಗಿರುತ್ತವೆಯೇ?

ಪಕ್ಕದ ಮನೆಯ ಹೆಂಗಸು ಒಂದು ಮಾತು ಹೇಳಿದ್ದು ಅದೇ ದಿನಗಳಲ್ಲಿ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಒಂದೇ ಗೋಡೆ. ಆಕೆಯ ಗಂಡ ತಗಡಿನ ಕೆಲಸದವರು. ಮನೆಯೊಳಗೆ ಆಡುವುದು ಉರ್ದು, ಗೋಡೆಯ ಮೇಲಿಂದ ನಮ್ಮೊಡನೆ ಕನ್ನಡ. ನನಗಿಂತ ಬಹಳ ದೊಡ್ಡವರು, ಮಕ್ಕಳು ಆರು. ಹಿಂದೊಮ್ಮೆ ಕೂಸಿಗೆಂದು ಲವಂಗದ ಘಮದ ಒಂದು ಬಟ್ಟಲು ಮೆತ್ತನೆಯ ಖಿಚಡಿ ಗೋಡೆಯ ಮೇಲೆ ಇಟ್ಟಿದ್ದರು. ಅತ್ತೆ ಅದನ್ನು ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಸಂಜೆಯವರೆಗೆ ಬಟ್ಟಲು ಅಲ್ಲೇ ಇತ್ತು. ಆಮೇಲೆ ಆಕೆಯೇ ವಾಪಸು ತೆಗೆದುಕೊಂಡರು.

"ಏನ್ ಬೇಟಿ, ಇನ್ನೂ ತಿನ್ನೋದಿಲ್ವಾ?" ಎಂದರು. "ನಮ್ ಮನೇಲಿ ಆರು ಬಾಯಿ. ಒಂದಕ್ಕೂ ತಿನ್ನೋದು ಕಲಿಸ್ಲಿಲ್ಲ. ನಿಲ್ಸೋದು ಹೆಂಗೆ ಅಂತ ಈಗ ನೋಡ್ತಾ ಇದೀನಿ."

ನಾನು ನಗಲಿಲ್ಲವೆಂದೋ ಏನೋ, ಆಕೆ ದನಿ ಇಳಿಸಿದರು.

"ನಾನ್ ಹೇಳ್ದೆ ಅಂತ ಹೇಳ್ಬೇಡ. ನೀನು ಮಲಗಿದ್ ಮೇಲೆ ನಿಮ್ ಅತ್ತೆ ಕೂಸನ್ನ ಇಲ್ಲಿಗೆ ಕರ್ಕೊಂಡು ಬರ್ತಾರೆ. ನುಗ್ಗೆ ಮರದ ಕೆಳಗೆ ಕೂತ್ಕೊಳ್ತಾರೆ, ನಮ್ ಕಡೆಗೆ ಬೆನ್ನು ಹಾಕಿ. ನಮ್ ಕಣ್ಣು ಬೀಳ್ತದೆ ಅಂತ ತಿರುಗಿ ಕೂತ್ಕೊಳ್ತಾರೆ, ಇರ್ಲಿ ಅಂದ್ಕೊಂಡೆ. ಆದ್ರೆ ನಿಮ್ ಬಾಗ್ಲು ಕಡೆಗೂ ನೋಡ್ತಾನೇ ಇರ್ತಾರೆ. ನಮ್ಗೆ ಹೆದರೋರು ನಿಮ್ ಬಾಗ್ಲು ಯಾಕೆ ನೋಡ್ಬೇಕು?"

ಇದನ್ನು ಬರೆಯುವ ಮೊದಲು ನನ್ನ ಗಂಡನನ್ನು ಕೇಳಿದೆ. ಆ ನುಗ್ಗೆ ಮರವನ್ನು ನೆಟ್ಟದ್ದು ಮಗಳು ಶಾಲೆಗೆ ಸೇರಿದ ಮೇಲೆ ಎನ್ನುತ್ತಾರೆ ಅವರು. ಹಾಗಿದ್ದರೆ ಅತ್ತೆ ಕೂತದ್ದು ಯಾವ ನೆರಳಲ್ಲಿ? ನನ್ನ ನೆನಪಿನಲ್ಲಿ ಮರವಿದೆ, ಅದರ ಸಣ್ಣ ಎಲೆಗಳು ಅತ್ತೆಯ ಬೆನ್ನ ಮೇಲೆ ಬಿದ್ದಿವೆ. ಇಷ್ಟು ಒಪ್ಪವಾದ ಚಿತ್ರ ಸಿಕ್ಕಿದಾಗೆಲ್ಲ ಇದನ್ನು ಯಾರು ಒಪ್ಪ ಮಾಡಿದರು ಎಂದು ನಾನು ಕೇಳಿಕೊಳ್ಳುತ್ತೇನೆ. ಮರವನ್ನು ಬೇಕಾದರೆ ತೆಗೆದುಬಿಡಿ. ಅತ್ತೆ ಬಿಸಿಲಲ್ಲೇ ಕೂತಿರಲಿ.

ಮಾರನೆಯ ದಿನ ನಾನು ಚಾಪೆಯ ಮೇಲೆ ಮಲಗಿದೆ, ಆದರೆ ನಿದ್ದೆ ಮಾಡಲಿಲ್ಲ. ಅತ್ತೆ ಬಂದು ನನ್ನ ಉಸಿರು ಕೇಳಿಸಿಕೊಂಡು ನಿಂತರು. ಹೋದರು. ಹಿತ್ತಿಲ ಬಾಗಿಲು ಸದ್ದಾಗದಂತೆ ತೆರೆಯಿತು. ಕೀಲಿಗೆ ಎಣ್ಣೆ ಬಿಟ್ಟಿದ್ದರು ಎಂದು ಆಗ ಗೊತ್ತಾಯಿತು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡಿದೆ.

ಒಳಲೆ ಇರಲಿಲ್ಲ. ಸರಿಯೂ ಇರಲಿಲ್ಲ. ಕೂಸು ಅತ್ತೆಯ ತೊಡೆಯ ಮೇಲೆ ನೆಟ್ಟಗೆ ಕೂತಿತ್ತು. ಪಕ್ಕದಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ಅಂಗೈಯಗಲದ ರಾಗಿಮುದ್ದೆ, ಒಂದಿಷ್ಟು ಬೇಳೆಯ ಕಟ್ಟು. ಅತ್ತೆ ಮುದ್ದೆಯಿಂದ ಮಣಿಯಷ್ಟು ಮುರಿದು, ಬೆರಳ ತುದಿಯಲ್ಲಿ ಉರುಟು ಮಾಡಿ, ಬೇಳೆಕಟ್ಟಿನಲ್ಲಿ ಹೊರಳಿಸಿ, ನಾಲಿಗೆಯ ನಡುವಿಗೆ ಇಟ್ಟರು. ಇನ್ನೊಂದು ಕೈಯ ಬೆರಳಿಂದ ಗಲ್ಲ ಮೇಲೆತ್ತಿ, ಗಂಟಲನ್ನು ಮೇಲಿಂದ ಕೆಳಗೆ ಸವರಿದರು.

"ಅಗೀಬ್ಯಾಡ ಕಣಮ್ಮಿ. ಮುದ್ದೆ ಅಗುದ್ರೆ ಮೂದೇವಿ. ನುಂಗು. ಗುಳುಂ."

ಕೂಸು ಗುಳುಂ ಎಂದು ನುಂಗಿತು. ನುಂಗಿ, ಬಾಯಿ ತೆರೆದು, ಖಾಲಿ ಎಂದು ತೋರಿಸಿತು.

ನಾನು ಬಾಗಿಲು ತೆರೆದು ಹೊರಗೆ ಬಂದೆ. ಅತ್ತೆ ಬೆಚ್ಚಲಿಲ್ಲ.

"ಮಲಗ್ನಿಲ್ವಾ ನೀನು?"

"ನಿದ್ದೆ ಬರ್ನಿಲ್ಲ."

"ದಿನಾ ಬತ್ತಿತ್ತಲ್ಲ."

"ಎರಡೇ ಹಲ್ಲವೆ ಅದಕ್ಕೆ. ಮುದ್ದೆ ತಿನ್ನಿಸ್ತಾ ಇದೀರಲ್ಲ ಅತ್ತೆ."

"ಮುದ್ದೆಗ್ಯಾಕವ್ವ ಅಲ್ಲು? ನಿಮ್ಮಾವ ಒಂದಲ್ಲೂ ಇಲ್ದೆ ಸಾಯಗಂಟ ಉಂಡ್ರು."

"ಅದಕ್ಕೇ ನಾನು ಏನ್ ಕೊಟ್ರೂ ಕತ್ತೆತ್ತಿ ನುಂಗಾಕೆ ಓಯ್ತಳೆ. ಅನ್ನ ನುಂಗಾಕಾದದಾ? ಗಂಟಲಿಗೆ ಸಿಕ್ಕಾಕತದೆ. ನಾನು ಗಂಟಲಲ್ಲಿ ಗಡ್ಡೆ ಐತೇನೋ ಅಂತ ಸಾಯ್ತಿದ್ದೆ."

ಅತ್ತೆಯ ಕೈ ತಟ್ಟೆಯಲ್ಲಿ ನಿಂತಿತು.

"ನೀನು ಅಗ್ಯಾದ ಕಲಿಸ್ತಾ ಇದ್ಯಾ?"

"ಮತ್ತೆ?"

"ಅದಕ್ಕೆ." ಅವರು ಕೂಸಿನ ಬಾಯಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಅದಕ್ಕೇ ಈಗೀಗ ಮುದ್ದೇನ ಬಾಯಲ್ಲೇ ಮಡೀಕತಾಳೆ. ದವಡೆಗೆಲ್ಲ ಮೆತ್ಕತದೆ. ನಾನು ಯಾರ್ದೋ ಕಣ್ಣಾಯ್ತು ಅಂತ ಮೂರ್ ಸಾರಿ ಉಪ್ಪು ಮೆಣಸಿನಕಾಯಿ ನಿವಾಳ್ಸಿ ಒಲೆಗಾಕಿವ್ನಿ."

ಗೋಡೆಯ ಆ ಕಡೆ ಬಳೆ ಸದ್ದಾಯಿತು, ನಿಂತಿತು.

ಒಂದು ಬಾಯಿ. ಬೆಳಿಗ್ಗೆ ಒಬ್ಬಳು ಅಗಿ ಎನ್ನುತ್ತಾಳೆ, ಮಧ್ಯಾಹ್ನ ಇನ್ನೊಬ್ಬಳು ಅಗಿಯಬೇಡ ಎನ್ನುತ್ತಾಳೆ. ಕೂಸು ಇಬ್ಬರ ಮಾತನ್ನೂ ಕೇಳಿತ್ತು, ಆದರೆ ಅನ್ನಕ್ಕೆ ಮುದ್ದೆಯ ಪಾಠ, ಮುದ್ದೆಗೆ ಅನ್ನದ ಪಾಠ ಹಚ್ಚಿತ್ತು.

"ಏಳಬೋದಿತ್ತಲ್ಲ ನನಗೆ" ಎಂದೆ.

"ನೀನೇಳುದ್ಯಾ?"

"ಕದ್ದು ಯಾಕೆ ಕೊಡಬೇಕಿತ್ತು?"

ಅತ್ತೆ ಇನ್ನೊಂದು ಮಣಿ ಉರುಟಿದರು. ಅದನ್ನು ಕೂಸಿಗೆ ಕೊಡದೆ ಬೆರಳಲ್ಲೇ ಹಿಡಿದುಕೊಂಡರು.

"ಗುಂಡ್ಲುಪೇಟೇಲಿ ಬುಟ್ಟೋಗಾಕೆ ನೋಡ್ತಾ ಇದ್ದೆ ನೀನು. ನನಗೇನು ಕಾಣಾಕಿಲ್ವಾ? ಬಾಳೆಅಣ್ಣು ರೂಢಿ ಮಾಡುದ್ರೆ ಕೂಸು ಬಾಳೆಅಣ್ಣಿರೋ ಮನೇಗೆ ಓಯ್ತದೆ. ಮುದ್ದೆ ರೂಢಿಯಾದ್ರೆ ಇಲ್ಲೇ ಇರ್ತದೆ."

"ನಮ್ಮವ್ವನ ಮನೇಲೂ ಮುದ್ದೇನೇ ಉಣ್ಣಾದು."

"ಅವರ ಮುದ್ದೆ ನಾನು ಕಂಡಿಲ್ವಾ. ಅಂಬಲಿಗಿಂತ ಒಸಿ ಗಟ್ಟಿ."

ನನಗೆ ನಗು ಬಂತು. ನಗಬಾರದ ಹೊತ್ತು ಎಂದು ತಡೆದೆ. ತಡೆದದ್ದು ಅವರಿಗೆ ಗೊತ್ತಾಯಿತು. ಅವರೂ ಏನನ್ನೋ ತಡೆಯುತ್ತಿದ್ದರು, ಅದು ನಗುವೋ ಬೇರೆಯೋ ಹೇಳಲಾರೆ. ಇಲ್ಲಿ ನಾವಿಬ್ಬರೂ ನಕ್ಕು ಒಂದಾದೆವು ಎಂದು ಬರೆದರೆ ಚೆನ್ನಾಗಿರುತ್ತದೆ. ನನ್ನ ತಂಗಿಗೆ ಎಷ್ಟೋ ಸಲ ಹಾಗೇ ಹೇಳಿದ್ದೇನೆ. ಆದರೆ ನಾವು ನಗಲಿಲ್ಲ. ಅತ್ತೆ ಮಣಿಯನ್ನು ಕೂಸಿನ ಬಾಯಿಗಿಟ್ಟು, ನನ್ನ ಕಡೆ ನೋಡದೆ ಹೇಳಿದರು:

"ಒಂದ್ ಬಾಯ್ಗೆ ಇಬ್ರು ಮೇಷ್ಟ್ರು ಬ್ಯಾಡ. ಮೊದ್ಲು ನುಂಗಾದ ಕಲೀಲಿ. ಓಗು, ನೀನು ಆ ಅನ್ನ ಕಿವುಚಾದ ನಿಲ್ಸು."

ಟೀಚರಾಗಲು ಹೊರಟವಳನ್ನು ಮೊದಲ ಕೆಲಸದಿಂದ ಹೀಗೆ ತೆಗೆದುಹಾಕಿದರು. ನಿಲ್ಲಿಸಿದೆ. ಬೇಸಿಗೆ ಮುಗಿಯುತ್ತಿತ್ತು, ನನಗೆ ಬೇರೆ ದಾರಿ ಇರಲಿಲ್ಲ. ನೇಂದ್ರ ಬಾಳೆಯಲ್ಲಿ ಉಳಿದದ್ದು ಕಪ್ಪಾಯಿತು. ದವಡೆಯ ಗೊಂದಲ ಹೋದಮೇಲೆ ಕೂಸು ಮುದ್ದೆಯನ್ನು ಸಲೀಸಾಗಿ ಹಿಡಿಯಿತು. ಮಣಿಯಷ್ಟಿದ್ದ ತುತ್ತು ಕಡಲೆಯಷ್ಟಾಯಿತು. ಸೊಪ್ಪಿನ ಸಾರೂ ಬಂತು. ಒಂದು ಭಾನುವಾರ ಅತ್ತೆ ಕೂಸನ್ನು ಮಗನ ಎದುರಿಗೇ ಕೂರಿಸಿಕೊಂಡು ಉಣಿಸಿದರು. ಗುಳುಂ, ಗುಳುಂ. ನನ್ನ ಗಂಡ ತಮ್ಮ ತಟ್ಟೆಯ ತುತ್ತನ್ನು ಮರೆತು ನೋಡಿದರು.

"ಹಿಡೀತಲ್ಲ" ಎಂದರು. ನನಗಲ್ಲ, ತಾಯಿಗೆ. ತಾಯಿ ತಲೆಯಾಡಿಸಿದ ಮೇಲೆ ನನ್ನ ಕಡೆ ತಿರುಗಿದರು. "ಓಗ್ಬುಟ್ಟು ಬಾ ಅಂಗಾದ್ರೆ."

ನನಗೆ ಬೇಕಾಗಿದ್ದದ್ದು ಅದೇ ಮಾತು. ಆದರೂ ಅದು ಕಿವಿಗೆ ಬಿದ್ದಾಗ ನನ್ನ ಮನಸ್ಸು ಅದನ್ನು ಸುಮ್ಮನೆ ನುಂಗಲಿಲ್ಲ, ಅಗಿಯತೊಡಗಿತು. ಅತ್ತೆ ನನಗೆ ಹೋಗಲು ದಾರಿ ಮಾಡಿಕೊಟ್ಟರೇ, ಅಥವಾ ನನ್ನನ್ನು ಕಳಿಸಿಬಿಟ್ಟರೇ? ಕೂಸು ಅವರ ಕೈಯಲ್ಲಿ ಮಾತ್ರ ಉಣ್ಣುವ ಹಾಗೆ ಆಗಿತ್ತು. ಹಾಗಾದರೆ ಆ ಷರತ್ತು ಯಾರ ಅನುಕೂಲಕ್ಕೆ ಹುಟ್ಟಿದ್ದು? ರೈಲು ನಂಜನಗೂಡು ದಾಟುವ ಹೊತ್ತಿಗೆ ನನ್ನ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಎದುರಿಗೆ ಕೂತಿದ್ದ ಮುದುಕಿ ಏನೂ ಕೇಳದೆ ತನ್ನ ಟವೆಲು ಕೊಟ್ಟಳು. ಯಾಕೆ ಕೊಟ್ಟಳು, ವಾಪಸು ಏನು ಕೇಳುತ್ತಾಳೆ ಎಂದು ನಾನು ಮೈಸೂರಿನವರೆಗೂ ಕಾದೆ. ಅವಳು ಏನೂ ಕೇಳಲಿಲ್ಲ.

ದಸರಾ ರಜೆಗೆ ಬಂದೆ. ಮಗಳು ಹೊಸ್ತಿಲು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಬರಲೂ ಇಲ್ಲ. ಯಾರು ಇವಳು, ಇಲ್ಲಿ ಏನು ಕೆಲಸ ಎನ್ನುವ ಹಾಗೆ ಪರೀಕ್ಷಿಸಿದಳು. ಆ ನೋಟವನ್ನು ನಾನು ಗುರುತಿಸಿದೆ. ನನ್ನದೇ.

ಮಧ್ಯಾಹ್ನ ಅನ್ನಕ್ಕೆ ಕೂತಾಗ ಅವಳು ಹತ್ತಿರ ಬಂದಳು. ಕಿವುಚದ ಅನ್ನದ ಒಂದು ಸಣ್ಣ ತುತ್ತು ಹಿಡಿದೆ. ಮೊದಲು ಅಜ್ಜಿಯ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. ಕತ್ತೆತ್ತುತ್ತಾಳೆ, ಓಕರಿಸುತ್ತಾಳೆ ಎಂದು ನಾನು ಅಂಗೈ ಚಾಚಿ ಸಿದ್ಧವಾಗಿದ್ದೆ. ಗಲ್ಲ ಮೇಲೇಳಲಿಲ್ಲ. ದವಡೆ ಆಡಿತು. ಆ ಪಕ್ಕಕ್ಕೆ ಒಮ್ಮೆ, ಈ ಪಕ್ಕಕ್ಕೆ ಒಮ್ಮೆ, ಅನುಭವಸ್ಥ ಎಮ್ಮೆಯ ಹಾಗೆ, ಆತುರವಿಲ್ಲದೆ ಅಗಿದಳು.

"ಅಗಿಯೋದ ಯಾರ್ ಕಲಿಸಿದ್ರು?" ಎಂದು ಕೇಳಿದೆ.

"ಅದ್ಯಾರ್ ಕಲಿಸಾರು?" ಅತ್ತೆ ಸಾರು ಬಡಿಸುತ್ತ ಹೇಳಿದರು. "ಅಲ್ಲು ಬಂದ್ರೆ ತಾನೇ ಅಗೀತದೆ."

ಮಗಳು ಇನ್ನೊಂದು ತುತ್ತಿಗೆ ನನ್ನ ಮುಖದ ಹತ್ತಿರ ಬಾಯಿ ತಂದಳು. ಅವಳ ಉಸಿರಿನಲ್ಲಿ ಲವಂಗದ ವಾಸನೆ ಇತ್ತು. ತುಪ್ಪದಲ್ಲಿ ಹುರಿದ ಈರುಳ್ಳಿಯದೂ ಇತ್ತೋ ಏನೋ, ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಲವಂಗವಂತೂ ಇತ್ತು. ನಮ್ಮ ಅಡುಗೆಯಲ್ಲಿ ಲವಂಗ ಬೀಳುತ್ತಿರಲಿಲ್ಲ.

"ಲವಂಗ ತಿಂದವ್ಳೆ ಇವಳು."

"ಅಲ್ಲು ಬತ್ತಾ ಅವೆ, ನೋವು. ನಾನೇ ತೇದು ವಸಡಿಗೆ ಉಜ್ಜಿವ್ನಿ." ಉತ್ತರ ಸಿದ್ಧವಾಗಿತ್ತು. ಕೀಲಿಗೆ ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಸದ್ದಿಲ್ಲದೆ ತೆರೆಯಿತು.

ಕೈ ತೊಳೆಯಲು ಹಿತ್ತಿಲಿಗೆ ಹೋದೆ. ನಾನು ಅಲ್ಲಿಗೆ ಹೋದಾಗೆಲ್ಲ ಗೋಡೆಯ ಮೇಲೆ ಮೊದಲು ಕಾಣಿಸುತ್ತಿದ್ದ ಪಕ್ಕದ ಮನೆಯಾಕೆಯ ಮುಖ ಆ ದಿನ ಕಾಣಿಸಲಿಲ್ಲ. ಆ ಕಡೆ ತಗಡು ಬಡಿಯುವ ಸದ್ದಿತ್ತು, ಬಳೆಯ ಸದ್ದಿರಲಿಲ್ಲ. ಗೋಡೆಯ ಮೇಲೆ, ಹಿಂದೊಮ್ಮೆ ಖಿಚಡಿಯ ಬಟ್ಟಲು ಸಂಜೆಯವರೆಗೆ ಕೂತಿದ್ದ ಜಾಗದಲ್ಲಿ, ಬಟ್ಟಲಿನ ಅಗಲಕ್ಕೆ ಧೂಳಿರಲಿಲ್ಲ. ಅದರ ಎರಡೂ ಪಕ್ಕದಲ್ಲಿ ಇತ್ತು.

ಒಳಗೆ ಬಂದು ನೋಡಿದೆ. ಅತ್ತೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ಅವಳ ಮುಖ ಒರೆಸುತ್ತಿದ್ದರು. ಗಲ್ಲ, ಕತ್ತಿನ ಮಡಿಕೆ, ಕಿವಿಯ ಹಿಂದೆ. ಒಂದು ಅಗುಳೂ ಉಳಿಯದ ಹಾಗೆ.